ಯಾವ ಮೇಕು?

ಮೇಕ್ ಮಾವನನ್ನು ನೀವೂ ಕಂಡಿರುತ್ತೀರಿ. ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಎಂದು ಸಾಲಾಗಿ ಕಾರ್ಖಾನೆಗಳು ಎದ್ದವು. ಅವು ವಿಮಾನ, ಟೆಲಿಫೋನು, ಗಡಿಯಾರ, ರೇಡಿಯೊಗಳ ಜೊತೆಗೆ ಇಂಥವರನ್ನೂ ತಯಾರಿಸಿದವು. ಉಳಿದವುಗಳಲ್ಲಿ ಕೆಲವುಗಳ ಉತ್ಪಾದನೆ ನಿಂತರೂ ಇವರದು ನಿಂತಿಲ್ಲ. ನಿವೃತ್ತರಾದ ಮೇಲೆ ಭಾನುವಾರ ಬೆಳಿಗ್ಗೆ ಕೆ.ಆರ್. ಮಾರುಕಟ್ಟೆ ಹತ್ತಿರದ ಸಂಡೇ ಬಜಾರಿಗೆ ಬಂದು, ಟಾರ್ಪಾಲಿನ ಮೇಲೆ ಸುರಿದ ತುಕ್ಕುಕಬ್ಬಿಣದ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಕೈಗೆ ಒಂದು ಹಳೆಯ ರಾಚೆಟ್ ಪಾನಾ ಸಿಕ್ಕಿತೋ, ಬಾಯಿಂದ ಹೊರಡುವುದು ಒಂದೇ ಪ್ರಶ್ನೆ: “ಯಾವ ಮೇಕು?”

ಕೆಲಸ ಮಾಡುತ್ತದೆಯೇ ಎಂದಲ್ಲ. ಬೆಲೆ ಎಷ್ಟು ಎಂದೂ ಅಲ್ಲ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿನ್ನುವ ಮೊದಲೇ ಗೋತ್ರ ಕೇಳುತ್ತಾರಲ್ಲ, ಹಾಗೆ.

“ಜರ್ಮನಿ ಮಾಲು ಅಂಕಲ್,” ಅಂತಾನೆ ಅಂಗಡಿ ಹುಡುಗ. ಹಿಡಿಯ ಮೇಲಿನ ಅಕ್ಷರ ತೋರಿಸಿ, “ನೋಡಿ, ಕ್ರೋಮ್ ವೆನೇಡಿಯಂ ಕಂಪನೀದು.”

ಮಾವನಿಗೆ ಪ್ರಾಣ ಹೋದಷ್ಟು ಸಂಕಟ. “ಅದು ಉಕ್ಕಿನ ಜಾತಿ ಕಣಯ್ಯಾ, ಕಂಪನಿಯಲ್ಲ. ನಾಳೆ ಡ್ರಾಪ್ ಫೋರ್ಜ್ಡ್ ಅನ್ನೋದನ್ನೂ ಕಂಪನಿ ಅಂತೀಯ.” ಹುಡುಗ ನಾಳೆಗೆ ಕಾಯುವವನಲ್ಲ, ಪಕ್ಕದ ಸ್ಪ್ಯಾನರನ್ನು ಆಗಲೇ ಹಾಗೆ ಹೇಳಿ ಮಾರಿಯಾಗಿದೆ. ಮಾವ ಜೇಬಿನಿಂದ ಭೂತಗನ್ನಡಿ ತೆಗೆಯುತ್ತಾರೆ. ನೂರೈವತ್ತಕ್ಕೆ ಕೊಡಬೇಕೆಂದಿದ್ದ ರಾಚೆಟ್ ಮುನ್ನೂರಕ್ಕೆ ಏರುವುದು ಆ ಕ್ಷಣದಲ್ಲೇ. ಈ ಸರಳ ಅರ್ಥಶಾಸ್ತ್ರ ಇಷ್ಟು ಓದಿದ ಮನುಷ್ಯನಿಗೆ ಇನ್ನೂ ತಿಳಿದಿಲ್ಲ.

ಅವರ ವಿದ್ಯೆ ಮಾತ್ರ ಸುಳ್ಳಲ್ಲ. ತಲೆ ಗುಂಡಗಿದೆಯೋ ಪೇರಲೆಯ ಆಕಾರದಲ್ಲಿದೆಯೋ, ದಿಕ್ಕು ಬದಲಿಸುವ ಚಿಕ್ಕ ಸನ್ನೆ ಎಲ್ಲಿದೆ, ಮುಚ್ಚಳಕ್ಕೆ ಸ್ಕ್ರೂ ಹಾಕಿದೆಯೋ ಸರ್ಕ್ಲಿಪ್ಪೋ, ಹಿಡಿಯ ಮೇಲಿನ ಗೀರು ಅಡ್ಡವೋ ಉದ್ದವೋ ಎಂದು ನೋಡುತ್ತಾರೆ. ಆಮೇಲೆ ಕಣ್ಣುಮುಚ್ಚಿ ಒಂದು ಪೂರ್ತಿ ಸುತ್ತು ತಿರುಗಿಸಿ ಕಟಕಟ ಎಣಿಸುತ್ತಾರೆ. 24 ಹಲ್ಲಾದರೆ ಒಂದೊಂದಕ್ಕೆ 15 ಡಿಗ್ರಿ, 72 ಆದರೆ 5 ಡಿಗ್ರಿ. ಅಮೆರಿಕದ ಪೇಟೆಂಟ್ ಸಂಖ್ಯೆ ಕಂಡರಂತೂ ಹಬ್ಬ. 20 ಲಕ್ಷದ ಪೇಟೆಂಟ್ ಹೊರಟದ್ದು 1935ರಲ್ಲಿ, 30 ಲಕ್ಷದ್ದು 1961ರಲ್ಲಿ. ನಡುವಿನ ಸಂಖ್ಯೆ ಸಿಕ್ಕಿದರೆ ಪೇಟೆಂಟಿನ ಕಾಲವನ್ನು ಬೆರಳಲ್ಲೇ ಗುಣಿಸಿ ಹೇಳುತ್ತಾರೆ. ಹೆಂಡತಿ ಹುಟ್ಟಿದ ತಾರೀಖಿಗೆ ಮಾತ್ರ ಕ್ಯಾಲೆಂಡರ್ ಬೇಕು.

ತಲೆಯ ಹಿಂದೆ ಗುಂಡಿ ಇರುವ ರಾಚೆಟ್ ಕಂಡರೆ ನೀವು ಅಲ್ಲಿಂದ ಕಾಲು ಕೀಳುವುದು ಒಳ್ಳೆಯದು, ಪೀಟರ್ ರಾಬರ್ಟ್ಸ್‌ನ ಕಥೆ ಶುರುವಾಗುತ್ತದೆ. ಅಮೆರಿಕದ ಸಿಯರ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹದಿನೆಂಟರ ಹುಡುಗ, ಗುಂಡಿ ಒತ್ತಿದರೆ ಸಾಕೆಟ್ ಕಳಚಿಕೊಳ್ಳುವ ಉಪಾಯ ಕಂಡುಹಿಡಿದು 1965ರಲ್ಲಿ ಪೇಟೆಂಟ್ ಪಡೆದ. ಕಂಪನಿ ಹತ್ತು ಸಾವಿರ ಡಾಲರಿಗೆ ಹಕ್ಕು ಕೊಂಡುಕೊಂಡಿತು, ಕೋಟಿಗಟ್ಟಲೆ ಗಳಿಸಿತು. ಹುಡುಗ ಮೋಸವೆಂದು ಕೋರ್ಟಿಗೆ ಹೋದ. 1989ರಲ್ಲಿ 82 ಲಕ್ಷ ಡಾಲರಿಗೆ ರಾಜಿಯಾಗುವ ಹೊತ್ತಿಗೆ ಅವನಿಗೆ ನಡುವಯಸ್ಸು ದಾಟುತ್ತಿತ್ತು. “ಅದೇ ಸಿಯರ್ಸ್‌ನ ಕ್ರಾಫ್ಟ್ಸ್‌ಮನ್ ಇದೆಯಲ್ಲ,” ಎಂದು ಮಾವ ಮುಂದುವರಿಸುತ್ತಾರೆ, “ಹೆಸರು ಒಬ್ಬರದು, ಹೆತ್ತವರು ಇನ್ನೊಬ್ಬರು. ಮಾಡಿಕೊಟ್ಟ ಕಾರ್ಖಾನೆ ಯಾವುದು ಅಂತ ಮೂಲೆಯಲ್ಲಿ ಕೊರೆದ ಒಂದು ಪುಟ್ಟ ಅಕ್ಷರದಿಂದ ತಿಳೀಬೇಕು.” ಕಥೆ ಕೇಳಿಸಿಕೊಂಡವರಿಗೆ ಅಷ್ಟರಲ್ಲಿ ಹಸಿವಾಗಿರುತ್ತದೆ.

ಸಂಶೋಧನೆಯ ಎರಡನೇ ಹಂತ ನಡೆಯುವುದು ಮನೆಯಲ್ಲಿ. ಸಾರಿಗೆಂದು ನೆನೆಹಾಕಿದ ಹುಣಸೆಹಣ್ಣು ರಾಚೆಟ್ಟಿನ ತುಕ್ಕು ತೆಗೆಯಲು ಹೋಗುತ್ತದೆ. ಸವೆದ ಅಕ್ಷರ ಓದಲು ಪುಡಿ ತುಂಬಬೇಕು, ಅದಕ್ಕೆ ದೇವರಮನೆಯ ವಿಭೂತಿ. ಕಳೆದ ಸಲ ಹೀಗೆ ಉಜ್ಜಿದಾಗ ‘ಮೇಡ್ ಇನ್’ ಎಂದು ಕಾಣಿಸಿ, ಆಮೇಲೆ ಮಧ್ಯೆ ಬರೀ ಸವಕಲು, ಕೊನೆಗೆ ‘ಐ’, ‘ಎ’ ಎಂಬೆರಡು ಅಕ್ಷರ ಮೂಡಿದವು.

“ಆಸ್ಟ್ರಿಯಾ!” ಎಂದರು ಮಾವ.

ಪಕ್ಕದ ರಸ್ತೆಯಲ್ಲಿ ಇನ್ನೊಬ್ಬ ಮೇಕ್ ಮಾವ ಇದ್ದಾರೆ (ಎಲ್ಲ ಬಡಾವಣೆಗೂ ಇಬ್ಬರು ಇದ್ದೇ ಇರುತ್ತಾರೆ, ಒಬ್ಬರೇ ಆದರೆ ಜಗಳವಾಡುವುದು ಯಾರೊಡನೆ?). ಅವರು ಬಂದು, ಚೆಕೊಸ್ಲೊವಾಕಿಯಾ ಎಂದರು. ವರ್ನಿಯರ್ ಕ್ಯಾಲಿಪರ್ ಹೊರಬಂತು. ಸವಕಲಿನ ಉದ್ದ ಅಳೆದರು. ಚೆಕೊಸ್ಲೊವಾಕಿಯಾ ಹಿಡಿಸುವಷ್ಟು ಜಾಗ ಆ ಹಿಡಿಯಲ್ಲೇ ಇರಲಿಲ್ಲ. ಆಸ್ಟ್ರೇಲಿಯಾ ಕೂಡ ಸ್ವಲ್ಪದರಲ್ಲಿ ಹೊರಗುಳಿಯಿತು. ಮಾವನ ಸೊಸೆ ಕಾಫಿ ಇಡಲು ಬಂದವಳು ಬಗ್ಗಿ ನೋಡಿ, “ಇಂಡಿಯಾ ಇರಬಹುದಲ್ವಾ ಮಾವ?” ಎಂದಳು. ಇಬ್ಬರೂ ಅವಳ ಕಡೆ ತಿರುಗದೆ ಕಾಫಿ ಕುಡಿದರು.

ಇಂಡಿಯಾವೇ ಆಗಿತ್ತು. ಇನ್ನಷ್ಟು ವಿಭೂತಿ ಹಚ್ಚಿದ ಮೇಲೆ ‘ಗೆಡೋರ್’ ಎಂಬ ಹೆಸರು ಎದ್ದಿತು. 1919ರಲ್ಲಿ ಜರ್ಮನಿಯ ರೆಮ್‌ಶೈಡ್ ಊರಿನಲ್ಲಿ ಡೊವಿಡಾಟ್ ಎಂಬ ಅಣ್ಣತಮ್ಮಂದಿರು ಶುರುಮಾಡಿದ ಕಂಪನಿ. ಅಣ್ಣತಮ್ಮ, ಮನೆತನ, ಊರು ಮೂರನ್ನೂ ಸೇರಿಸಿ ಇಟ್ಟ ಹೆಸರು. ಅದೇ ಹೆಸರಿನಲ್ಲಿ ದೆಹಲಿ ಹತ್ತಿರದ ಫರೀದಾಬಾದಿನಲ್ಲೂ ಹತಾರ ತಯಾರಾಗುತ್ತಿತ್ತು, ಆಮೇಲೆ ಆ ಕಂಪನಿ ಝಾಲಾನಿ ಎಂದು ಹೆಸರು ಬದಲಿಸಿಕೊಂಡಿತು. ಬೇರೆಯವರಾದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಮಾವ ಅರ್ಧ ನಿಮಿಷ ಸುಮ್ಮನಿದ್ದು, “ಆಗಿನ ಫರೀದಾಬಾದೇ ಬೇರೆ ಬಿಡಿ,” ಎಂದರು. ಪಕ್ಕದ ರಸ್ತೆಯವರೂ ಒಪ್ಪಿದರು.

ಈಗ ಆ ರಾಚೆಟ್ ಗಾಜಿನ ಬೀರುವಿನಲ್ಲಿದೆ. ಪಕ್ಕದಲ್ಲಿ ಅದರ ಬಂಧುಬಳಗ. ಬೀರುವಿನ ಎದುರಿಗೇ ತೂಗುಯ್ಯಾಲೆ, ಅದರ ಬೋಲ್ಟು ಸಡಿಲಾಗಿ ತಿಂಗಳುಗಟ್ಟಲೆ ಕಿರುಗುಡುತ್ತಿತ್ತು.

“ರೀ, ಇಷ್ಟೊಂದು ಪಾನಾ ಇಟ್ಕೊಂಡು ಅದೊಂದು ಬಿಗಿ ಮಾಡಬಾರದೇ?”

“ಇವುಗಳ ಕೈಲಿ ಅಂಥ ಕೆಲಸ ಮಾಡಿಸಬಾರದು ಕಣೇ.”

ಕೊನೆಗೆ ಬಿಗಿ ಮಾಡಿದ್ದು ಫ್ಯಾನ್ ರಿಪೇರಿಗೆ ಬಂದ ಹುಡುಗ. ಅವನ ಸ್ಪ್ಯಾನರಿನ ಮೇಲೆ ಹೆಸರೇ ಇರಲಿಲ್ಲ. ಮಾವ ಮಾತ್ರ ಅದನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಒಂದು ಗಂಟೆ ಅವನನ್ನು ಕೂರಿಸಿಕೊಂಡಿದ್ದರು.

ನಿಮ್ಮ ಅಟ್ಟದ ಮೇಲೆ ತಾತನ ಕಾಲದ ರಾಚೆಟ್ ಇದ್ದರೆ ಒಂದು ಮಾತು. ಸಾಕೆಟ್ ಸಿಕ್ಕಿಸಿ, ಎರಡೂ ದಿಕ್ಕಿಗೆ ತಿರುಗಿಸಿ ನೋಡಿ. ಒಳಗಿನ ನಾಲಿಗೆ ಹಲ್ಲು ಕಚ್ಚಿ ಹಿಡಿದರೆ ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಬಿಟ್ಟು ಇಟ್ಟುಕೊಳ್ಳಿ. ಜಾರಿದರೆ ಬಿಗಿ ಬೋಲ್ಟಿಗೆ ಹಾಕಬೇಡಿ, ಬೆರಳಿನ ಗೆಣ್ಣು ತರಚೀತು. ಮೇಕ್ ಮಾವನಿಗೆ ತೋರಿಸುವ ಮನಸ್ಸಿದ್ದರೆ, ರಾತ್ರಿಯ ಅನ್ನಕ್ಕೆ ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕಿ.