ಖಾಲಿ ರಸ್ತೆಯ ಫೋಟೊ

2020ರ ಮಾರ್ಚ್ 22, ಕೊರೊನಾ ತಡೆಗೆಂದು ಜನತಾ ಕರ್ಫ್ಯೂ. ಕೊಪ್ಪಳದ ಜವಾಹರ ರಸ್ತೆಯನ್ನು ಮಾಳಿಗೆ ಮೇಲಿಂದ ಮೊಬೈಲ್‌ನಲ್ಲಿ ಹಿಡಿಯದವರು ಕಡಿಮೆ. ಎಮ್ಮೆ ಅಡ್ಡ ಬಂದರೂ ಹಾರ್ನ್ ಹೊಡೆಯುವವರಿಲ್ಲದ ರಸ್ತೆ ನಮಗೆ ಜೀವಮಾನದಲ್ಲೇ ಹೊಸದು. ಮದುವೆ ಸೀಸನ್ನಿಗೆಂದು ಲೆನ್ಸ್ ಒರೆಸಿಟ್ಟಿದ್ದ ಸ್ಟುಡಿಯೊದವರು ಷಟರ್ ಎಳೆದು ಕೂತರು. ಉಳಿದ ಊರೆಲ್ಲ ಫೋಟೊಗ್ರಾಫರ್ ಆಯಿತು.

25ರಿಂದ ಲಾಕ್‌ಡೌನ್ ಬಿಗಿಯಾದಾಗ ಮಾಳಿಗೆ ಸಾಲಲಿಲ್ಲ. ಹೊರಗೆ ಹೋಗಲು ನನಗಿದ್ದ ಪಾಸೆಂದರೆ ಕಾಯಿಪಲ್ಯೆ ಚೀಲ. ಅಶೋಕ ಸರ್ಕಲ್‌ನಲ್ಲಿ ಪೊಲೀಸಪ್ಪ ತಡೆದರು.

‘ಚೀಲದಾಗ ಏನ್ರಿ?’

‘ಕೊತ್ತಂಬ್ರಿ, ಸರ್.’

‘ಕೊತ್ತಂಬ್ರಿಗೆ ಬೆಲ್ಟ್ ಯಾಕ್ರಿ?’

ಕ್ಯಾಮೆರಾ ಹೊರಗೆ ಬಂತು. ಲಾಠಿ ಬೀಳುತ್ತದೆಂದು ನಾನು ಹೆಗಲು ಕುಗ್ಗಿಸಿದರೆ, ಅವರು ಲಾಠಿಯನ್ನು ಕಂಕುಳಲ್ಲಿ ಇಟ್ಟು, ಟೊಪ್ಪಿಗೆ ಸರಿ ಮಾಡಿಕೊಂಡು, ‘ಮಾಸ್ಕ್ ತೆಗೀಲೇನ್ರಿ?’ ಎಂದರು. ‘ಬ್ಯಾಡ್ರಿ, ಯಾರರ ನೋಡಿದ್ರ ನಿಮಗ ದಂಡ ಹಾಕ್ತಾರ’ ಎಂದೆ. ಅಂದಿನ ಖಾಲಿ ಊರಿನ ಫೋಟೊಗಳಲ್ಲಿ ಚೆಂದ ಬಂದದ್ದು ಅದೊಂದೇ.

ಖಾಲಿ ರಸ್ತೆ ಫೋಟೊಗ್ರಫಿಗೆ ಹೊಸದಲ್ಲ ಬಿಡಿ. 1838ರಲ್ಲಿ ಫ್ರಾನ್ಸಿನ ಡಾಗೇರ್ ತೆಗೆದ ಪ್ಯಾರಿಸ್ಸಿನ ಬೀದಿ ಬಿಕೋ ಎನ್ನುತ್ತದೆ. ಗಾಡಿ, ಜನ ಎಲ್ಲ ಇದ್ದರು. ನಿಮಿಷಗಟ್ಟಲೆ ಬೆಳಕು ಬೇಡುವ ಆ ಕ್ಯಾಮೆರಾಕ್ಕೆ ಓಡಾಡುವವರು ದಕ್ಕಲಿಲ್ಲ. ಬೂಟು ಪಾಲಿಶ್ ಮಾಡಿಸುತ್ತ ನಿಂತವನೊಬ್ಬ ಮಾತ್ರ ಉಳಿದ. ನಮ್ಮ ಆನೆಗೊಂದಿಯ ಆಚೆ ದಡದ ಹಂಪಿಯನ್ನು 1856ರಲ್ಲಿ ಗ್ರೀನ್‌ಲಾ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಅವನ ಕಲ್ಲುಕಂಬಗಳು ಅಲುಗಾಡುವ ಪೈಕಿಯವಲ್ಲ, ಹಾಗಾಗಿ ಬಚಾವ್.

ನಮ್ಮ ಕಾಲದ ಮೊಬೈಲು ಚಕ್ಕನೆ ಹಿಡಿಯುತ್ತದೆ. ಆದರೂ ಅದು ಹೇಳಿದ್ದು ಅರ್ಧ ಸತ್ಯ. ಕೊಪ್ಪಳದ ರಸ್ತೆ ಬಿಕೋ ಎನ್ನುವಾಗ ಗಂಗಾವತಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಬೇಸಿಗೆ ಭತ್ತ ಕೊಯ್ಲಿಗೆ ಬರುತ್ತಿತ್ತು. ಭತ್ತಕ್ಕೆ ಯಾವ ಕರ್ಫ್ಯೂ? ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಂತೂ ಎಂದೂ ಇಲ್ಲದ ಗದ್ದಲ. ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋಗಿದ್ದವರು ಗಂಟುಮೂಟೆ ಹೊತ್ತು ವಾಪಸಾಗಿದ್ದರು. ಹಬ್ಬಕ್ಕೂ ತೆರೆಯದ ಮನೆಗಳ ಕೀಲಿ ತೆರೆದವು. ಬರೀ ಮುದುಕರು ಕೂರುತ್ತಿದ್ದ ಕಟ್ಟೆಯಲ್ಲಿ ಜಾಗವಿಲ್ಲ, ಬೋರಿನ ಮುಂದೆ ಕೊಡಗಳ ಸಾಲು. ಕೈಗೆ ಕೆಲಸವಿಲ್ಲ, ಒಲೆಯ ಚಿಂತೆ ದಿನವೂ ಇತ್ತು. ಆ ಫೋಟೊ ತೆಗೆಯಲು ಯಾರೂ ಮಾಳಿಗೆ ಹತ್ತಲಿಲ್ಲ.

ಪೇಟೆ ಖಾಲಿಯಾಯಿತೆಂದರೆ ಜನ ಮಾಯವಾದರೆಂದಲ್ಲ, ಎಲ್ಲೋ ಒಂದು ಕಡೆ ಇಕ್ಕಟ್ಟಾಗಿ ಕೂತಿದ್ದಾರೆ ಎಂದರ್ಥ. ನಿಮ್ಮ ಮೊಬೈಲಿನಲ್ಲಿ ಖಾಲಿ ರಸ್ತೆ ಇನ್ನೂ ಇದ್ದರೆ ಅಳಿಸಬೇಡಿ. ತಾರೀಖು, ರಸ್ತೆಯ ಹೆಸರು ಬರೆದಿಡಿ. ಜೊತೆಗೆ ಸಂತೆಯ ದಿನದ್ದೂ ಒಂದು ತೆಗೆಯಿರಿ. ಮೊಮ್ಮಕ್ಕಳು ಎರಡನ್ನೂ ನೋಡಲಿ.