ಕೊಸರು ಮೀಮಾಂಸೆ

ಸರಕಿನ ಅಳತೆ ಮುಗಿದ ಮೇಲೆ ಮಾರುವವನ ಕೈಯಿಂದ ಇನ್ನೂ ಬೀಳುವುದೇನುಂಟೋ ಅದು ಕೊಸರು. ಸೇರು ಕಡಲೆಕಾಯಿಯ ಮೇಲೊಂದು ಹಿಡಿ, ಮೊಳ ಮಲ್ಲಿಗೆಯ ತುದಿಗೆ ನಾಲ್ಕು ಬೆರಳು. ಇದಕ್ಕೆ ‘ಸ್ವಲ್ಪ ಹೆಚ್ಚು’ ಎಂದು ಅರ್ಥ ಹೇಳುವುದು ಶಾಸ್ತ್ರದ್ರೋಹ. ಕೊಸರಿಗೆ ಪ್ರಮಾಣವಿಲ್ಲ, ಇರಲೂ ಕೂಡದು ಎಂಬುದೇ ಈ ಪ್ರಬಂಧದ ಪ್ರತಿಜ್ಞೆ. ಕಾಲು, ಅರೆಕಾಲು ದಾಟಿ ಹದಿನಾರನೇ ಒಂದು ಪಾಲಿಗೂ ವೀಸವೆಂದು ಹೆಸರಿಟ್ಟವರು, ಪಾವು ಚಟಾಕುಗಳಿಗೂ ಲೆಕ್ಕ ಕೇಳಿದವರು, ಕೊಸರಿಗೆ ಮಾತ್ರ ಮಾನ ಕಟ್ಟದೆ ಬಿಟ್ಟರು. ಮರೆತರು ಎನ್ನೋಣವೆಂದರೆ ಅವರು ಕೊಡುಕೊಳ್ಳುವುದರಲ್ಲಿ ಮರೆಯುವ ಪೈಕಿಯಲ್ಲ. ಹಿಡಿತದಿಂದ ಬಿಡಿಸಿಕೊಳ್ಳುವುದಕ್ಕೆ ಕೊಸರಿಕೊಳ್ಳುವುದು ಎನ್ನುತ್ತೇವಲ್ಲ, ತಕ್ಕಡಿಯಿಂದ ಹಾಗೆ ಕೊಸರಿಕೊಂಡದ್ದೇ ಕೊಸರು. ನಿಘಂಟುಕಾರರು ಒಪ್ಪದಿದ್ದರೆ ಅದು ಅವರ ಕರ್ಮ.

ಪ್ರತಿಜ್ಞೆಗೆ ಪ್ರಯೋಗದ ಸಾಕ್ಷ್ಯ ಒದಗಿಸಿದ ಕೀರ್ತಿ ನಂದಿನಿ ಹಾಲಿಗೆ ಸಲ್ಲಬೇಕು. 2024ರ ಜೂನ್‌ನಲ್ಲಿ ಪ್ರತಿ ಪೊಟ್ಟಣಕ್ಕೆ 50 ಮಿಲಿಲೀಟರ್ ಹೆಚ್ಚು ತುಂಬಿ 2 ರೂಪಾಯಿ ಹೆಚ್ಚು ಪಡೆದರು. ಇದು ದರ ಏರಿಕೆಯಲ್ಲ, ಹೆಚ್ಚು ಹಾಲಿಗೆ ಹೆಚ್ಚು ಹಣ ಎಂದು ಸರ್ಕಾರ ವಿವರಿಸಿತು. ಆದರೆ ಬೇಡವೆನ್ನಲು ಬಾರದ, ಬೆಲೆ ತೆರಬೇಕಾದ, ಅಂಕಿಯಲ್ಲಿ ಅಚ್ಚಾದ ಆ ಹೆಚ್ಚುವರಿಯಲ್ಲಿ ಕೊಸರಿನ ಲಕ್ಷಣ ಒಂದೂ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದಾಗ 50 ಮಿಲಿಲೀಟರ್ ಹಿಂದಿರುಗಿತು. ಬೆಲೆ ಮಾತ್ರ ಕೆಳಗಿಳಿಯಲಿಲ್ಲ. ಪಾತ್ರೆಗೆ ಬಿದ್ದ ಕೊಸರನ್ನು ಯಾವ ಹಾಲಿನವಳೂ ಮರಳಿ ಬಗ್ಗಿಸಿಕೊಳ್ಳುವುದಿಲ್ಲ. ಅಳೆದ ಕೂಡಲೇ ಕೊಸರು ಸಾಯುತ್ತದೆಂಬುದಕ್ಕೆ ಇದಕ್ಕಿಂತ ದುಬಾರಿ ಪ್ರಮಾಣ ನಮಗೆ ಸಿಕ್ಕಿಲ್ಲ.

ಅರ್ಥಶಾಸ್ತ್ರಜ್ಞರ ಆಕ್ಷೇಪ ಹೀಗಿದೆ: ವ್ಯಾಪಾರಿ ಕೊಸರಿನ ಬೆಲೆಯನ್ನು ಮೊದಲೇ ದರದಲ್ಲಿ ಅಡಗಿಸಿರುತ್ತಾನೆ. ಇರಲಿ. ಹಾಗಿದ್ದರೆ ಕೇಳದೆ ಹೋದವರು ಕೇಳಿದವರ ಕೊಸರಿಗೆ ದುಡ್ಡು ತೆತ್ತಂತಾಯಿತು. ಈ ಆಕ್ಷೇಪದಿಂದ ಕೊಸರು ಕೇಳುವುದು ಕಡ್ಡಾಯವೆಂದು ಸಿದ್ಧವಾಯಿತೇ ಹೊರತು ಬೇರೇನಿಲ್ಲ. ಕಾನೂನು ಪಂಡಿತರದು ಇನ್ನೂ ಗಟ್ಟಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ 30ನೇ ಕಲಮು ಕಡಿಮೆ ತೂಗಿದವನನ್ನಷ್ಟೇ ಅಲ್ಲ, ಹಣ ಕೊಟ್ಟದ್ದಕ್ಕಿಂತ ಹೆಚ್ಚನ್ನು ಮೋಸದಿಂದ ಪಡೆದ ಕೊಳ್ಳುವವನನ್ನೂ ತಪ್ಪಿತಸ್ಥನೆನ್ನುತ್ತದೆ. ಇಲ್ಲಿ ‘ಮೋಸದಿಂದ’ ಎಂಬ ಪದ ನಮ್ಮನ್ನು ಕಾಯುತ್ತದೆ. ಇಡೀ ಸಂತೆಗೆ ಕೇಳುವಂತೆ ಬೇಡಿ, ಚೀಲದ ಬಾಯಿ ಅಗಲಿಸಿ ಹಿಡಿದು ಪಡೆದದ್ದು ಮೋಸವಾಗುವುದು ಹೇಗೆ? ಬೆಂಗಳೂರಿನ ಆಟೋದವರ ‘ಮೀಟರ್ ಮೇಲೆ ಇಪ್ಪತ್ತು’ ಕೂಡ ಕೊಸರೇ ಎಂಬ ವಾದವುಂಟು. ಅದಕ್ಕೆ ಅಂಕಿಯಿದೆ, ಮೇಲಾಗಿ ಚಕ್ರ ಉರುಳುವ ಮೊದಲೇ ಕೇಳುತ್ತಾರೆ. ಎರಡು ಕಡೆಯಿಂದಲೂ ಅದು ಬಿದ್ದುಹೋಗುತ್ತದೆ. ರಾತ್ರಿಯ ಒಂದೂವರೆ ಪಟ್ಟು ನಿಯಮದಲ್ಲೇ ಇರುವುದರಿಂದ ಚರ್ಚೆಗೇ ಅನರ್ಹ.

ಇನ್ನು ಕರಿಬೇವಿನ ಪ್ರಶ್ನೆ. ತರಕಾರಿಯ ಜೊತೆ ಕೇಳದೆಯೇ ಬರುವ ಕಡ್ಡಿ ಕೊಸರೋ, ಹಕ್ಕೋ? ಅದು ರೂಢಿಯಿಂದ ಹಕ್ಕಾಗಿಬಿಟ್ಟಿದೆ. ಕೊಸರು ಶುರುವಾಗುವುದು ಎರಡನೇ ಕಡ್ಡಿಯಿಂದ ಎಂದು ನಮ್ಮ ಮತ. ಇದೇ ಸೂತ್ರ ಕೊತ್ತಂಬರಿ ಸೊಪ್ಪಿಗೂ ಅನ್ವಯಿಸುತ್ತದೆ, ಮಳೆಗಾಲದಲ್ಲಿ ಕಟ್ಟಿನ ಬೆಲೆ ವಿಚಾರಿಸಿಕೊಂಡು.