ಹಚ್ಚಿದ್ದೆಲ್ಲ ಹೊಟ್ಟೆಗೆ

ನಮ್ಮ ಬೀದಿಯಲ್ಲಿ ಮನುಷ್ಯರಿಗೆ ಜ್ವರ ಬಂದರೆ ‘ಡಾಕ್ಟರಿಗೆ ತೋರಿಸಿ’ ಎನ್ನುತ್ತಾರೆ. ಬೆಕ್ಕಿನ ಬೆನ್ನ ಮೇಲೆ ರೂಪಾಯಿಯಗಲ ಕೂದಲು ಉದುರಿದರೆ ಬೀದಿಗೆ ಬೀದಿಯೇ ಡಾಕ್ಟರು.

ನಮ್ಮ ದಿವಾನರ ಬಾಲದ ಬುಡದಲ್ಲಿ ಕೆರೆತ ಶುರುವಾದಾಗ ಆದದ್ದೂ ಇದೇ. ದಿವಾನರೆಂದರೆ ಬೆಕ್ಕು, ಪಡಸಾಲೆಯ ದಿವಾನದಿಂದ ಊಟದ ಹೊತ್ತಿಗಲ್ಲದೆ ಇಳಿಯುವುದಿಲ್ಲವಾದ್ದರಿಂದ ಆ ಪದವಿ. ಎದುರುಮನೆಯವರು ಬೇವಿನೆಣ್ಣೆ ಎಂದರು. ಮಹಡಿಯವರು ‘ನೀರಿಗೆ ಎರಡು ಮುಚ್ಚಳ ಡೆಟಾಲ್ ಹಾಕಿ ಮೀಯಿಸಿ’ ಎಂದರು. ಮೂಲೆಮನೆಯ ಯಜಮಾನರು, ‘ನಮ್ಮ ಟೈಗರ್‌ಗೆ ತಂದ ಚಿಗಟದ ಔಷಧಿ ಅರ್ಧ ಉಳಿದಿದೆ, ದುಡ್ಡೇನೂ ಬೇಡ’ ಎಂದು ಔದಾರ್ಯ ಮೆರೆದರು. ಅತ್ತೆಯವರು ಯಾರನ್ನೂ ಕೇಳದೆ ಕೊಬ್ಬರಿ ಎಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿಯೇಬಿಟ್ಟರು. ದಿವಾನರಿಗೆ ಕೊಬ್ಬರಿ ಎಣ್ಣೆ ಬಹಳ ರುಚಿಸಿತು. ನೆಕ್ಕಿ ಮುಗಿಸಿ, ಉಳಿದ ಅರಿಸಿನವನ್ನು ಹೊಸ ಬಿಳಿ ಹೊದಿಕೆಗೆ ಒರೆಸಿಕೊಂಡು, ಇನ್ನಷ್ಟಿದೆಯೇ ಎಂಬಂತೆ ಅತ್ತೆಯವರ ಮುಖ ನೋಡಿದರು.

ಬೆಕ್ಕಿನ ವಿಷಯದಲ್ಲಿ ‘ಹೊರಲೇಪಕ್ಕೆ ಮಾತ್ರ’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕುವುದು ಶಾಯಿಗೆ ದಂಡ. ಅದರ ನಾಲಿಗೆಯ ತುಂಬ ನಮ್ಮ ಉಗುರಿನ ಪದಾರ್ಥದಿಂದಲೇ ಆದ, ಗಂಟಲಿನ ಕಡೆಗೆ ಬಾಗಿದ ಮುಳ್ಳುಗಳಿವೆ. ಮೈಮೇಲೆ ಏನೇ ಬಿದ್ದರೂ ಆ ಮುಳ್ಳು ಬಾಚಿ ಒಳಗೇ ಸಾಗಿಸುತ್ತದೆ. ಒಳಗೆ ಹೋದದ್ದನ್ನು ಅರಗಿಸೋಣವೆಂದರೆ ಬೆಕ್ಕಿನ ಯಕೃತ್ತಿಗೆ ಕೆಲವು ಕೆಲಸ ಬರುವುದೇ ಇಲ್ಲ. ಡೆಟಾಲಿನಂಥ ಫಿನಾಲ್ ವರ್ಗದ ದ್ರವ ಅದಕ್ಕೆ ವಿಷ. ನಾವು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಟೈಗರನ ಔಷಧಿಯ ಡಬ್ಬಿಯನ್ನು ಕನ್ನಡಕ ಹಾಕಿಕೊಂಡು ಓದಿದಾಗ ಪರ್ಮೆಥ್ರಿನ್ ಎಂದಿತ್ತು. ನಾಯಿಗೆ ಚಿಗಟ ಬಿಡಿಸುವ ಆ ಹನಿ ಬೆಕ್ಕಿಗೆ ನಡುಕ, ಸೆಳೆತ ತಂದು ಕೊಂದೇ ಹಾಕಬಹುದು. ಪುಕ್ಕಟೆ ಡಬ್ಬಿಯನ್ನು ಕೈಮುಗಿದು ಹಿಂದಿರುಗಿಸಿದೆವು.

ಪಶುವೈದ್ಯೆ ಮೊದಲು ಕೋಣೆಯ ದೀಪ ಆರಿಸಿ, ನೇರಳೆ ಬೆಳಕಿನ ಟಾರ್ಚು ಬಿಟ್ಟು ನೋಡಿದರು. ಗಜಕರ್ಣದ ಬೂಷ್ಟಾಗಿದ್ದರೆ ಅನೇಕ ಸಲ ಕೂದಲು ಹಸಿರಾಗಿ ಹೊಳೆಯುತ್ತದಂತೆ. ಅದು ಮನೆಮಂದಿಗೂ ಅಂಟುವ ಜಾತಿ. ಹೊಳೆಯಲಿಲ್ಲ. ಅಷ್ಟಕ್ಕೇ ನಂಬದೆ ನಾಲ್ಕು ಕೂದಲು ಕಿತ್ತು ಪರೀಕ್ಷೆಗೂ ಇಟ್ಟುಕೊಂಡರು. ಆಮೇಲೆ ಹೇನಿನ ಬಾಚಣಿಗೆಯಂಥದ್ದರಿಂದ ಬಾಲದ ಬುಡ ಬಾಚಿದರು. ಉದುರಿದ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ ‘ನೋಡ್ತಾ ಇರಿ’ ಎಂದರು. ಒಂದೊಂದು ಕಣದ ಸುತ್ತಲೂ ಇಟ್ಟಿಗೆ ಬಣ್ಣ ನಿಧಾನವಾಗಿ ಹರಡಿಕೊಂಡಿತು. ಮಣ್ಣಾಗಿದ್ದರೆ ಬಣ್ಣ ಬಿಡುತ್ತಿರಲಿಲ್ಲ. ಇದು ಚಿಗಟದ ಹಿಕ್ಕೆ, ಅಂದರೆ ದಿವಾನರದೇ ರಕ್ತ, ಚಿಗಟದ ಹೊಟ್ಟೆಯ ಮೂಲಕ ಹಾದು ಬಂದದ್ದು.

‘ಮನೆಯಲ್ಲಿ ಯಾರಿಗಾದರೂ ಕಚ್ಚಿದೆಯೇ?’ ಎಂದು ಕೇಳಿದರು. ನಾವು ಮಾವನವರ ಕಾಲು ನೋಡಿದೆವು. ಪಾದದ ಗಂಟಿನ ಸುತ್ತ ಎದ್ದಿದ್ದ ಕೆಂಪು ಗುಳ್ಳೆಗಳಿಗೆ ಬದನೆಕಾಯಿ ನಂಜೇ ಕಾರಣವೆಂದು ಅವರು ಪಥ್ಯ ಹಿಡಿದು ಬಹಳ ದಿನವಾಗಿತ್ತು.

ಬೆಕ್ಕಿಗೆ ಆಕೆ ಕೊಟ್ಟ ಚಿಕಿತ್ಸೆ ಬೆಕ್ಕಿಗೆಂದೇ ಮಾಡಿದ ಒಂದು ಪುಟ್ಟ ಕೊಳವೆ, ಅಷ್ಟೆ. ತಲೆಯ ಹಿಂದೆ ಕೂದಲು ಬಿಡಿಸಿ ಚರ್ಮಕ್ಕೇ ಹನಿ ಬಿಟ್ಟರು. ಅದು ಬೆಕ್ಕಿನ ನಾಲಿಗೆ ಎಟುಕದ ಜಾಗ. ದೊಡ್ಡ ಚೀಟಿ ಬರೆದದ್ದು ಮನೆಗೆ. ಬೆಕ್ಕಿನ ಮೈಮೇಲೆ ಕಾಣುವುದು ಚಿಗಟದ ಸಂಸಾರದ ನೂರಕ್ಕೆ ಐದು ಪಾಲು. ಮಿಕ್ಕ ತೊಂಬತ್ತೈದು ಮೊಟ್ಟೆ, ಮರಿ, ಗೂಡು ಎಂದು ಚಾಪೆಯ ಸಂದಿಯಲ್ಲಿ, ದಿವಾನದ ಮಡಿಕೆಯಲ್ಲಿ ಬಾಡಿಗೆಯಿಲ್ಲದೆ ವಾಸ. ಗೂಡಿನಲ್ಲಿರುವುದು ತಿಂಗಳುಗಟ್ಟಲೆ ಕಾಯಬಲ್ಲದು. ಹಾಗಾಗಿ ಹನಿಯನ್ನು ತಿಂಗಳು ತಪ್ಪದೆ ಬಿಡಬೇಕು, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು, ಮೂಲೆಮೂಲೆ ಗುಡಿಸಬೇಕು. ಹಾಸಿಗೆ, ದಿಂಬು, ಜಮಖಾನ ಎಲ್ಲ ತಾರಸಿಯ ಮೇಲೆ ಒಣಗಿದ್ದು ಕಂಡು ಮಹಡಿಯವರು ‘ಏನು, ಮದುವೆಯೇ?’ ಎಂದು ವಿಚಾರಿಸಿದರು.

ಹುಣ್ಣು ಮಾಯುವ ತನಕ ಕೊರಳಿಗೊಂದು ಪಟ್ಟಿ. ಎಲಿಜಬೆತ್ ರಾಣಿಯ ಕಾಲದ ಇಂಗ್ಲಿಷ್ ಶ್ರೀಮಂತರು ಕತ್ತಿಗೆ ಸುತ್ತಿಕೊಳ್ಳುತ್ತಿದ್ದ ನೆರಿಗೆಪಟ್ಟಿಯ ಹೆಸರನ್ನೇ ಅದಕ್ಕಿಟ್ಟಿದ್ದಾರೆ. ದಿವಾನರು ಅದನ್ನು ಧರಿಸಿ ಹಿಂದಕ್ಕೆ ಹಿಂದಕ್ಕೆ ನಡೆದು, ಅಡುಗೆಮನೆಯ ಬಾಗಿಲಿಗೆ ಸಿಕ್ಕಿಕೊಂಡು, ರಾಜೀನಾಮೆ ಕೊಡುವ ಮುಖ ಮಾಡಿದರು.

ಕೆರೆತ ನಿಂತಿತು. ಮಾವನವರ ಗುಳ್ಳೆಯೂ ಒಣಗಿತು. ಅದು ಪಥ್ಯದ ಫಲವೆಂದು ಅವರ ವಾದ, ಆದ್ದರಿಂದ ಮನೆಯಲ್ಲಿ ವಾಂಗಿಬಾತಿಗೆ ಇನ್ನೂ ನಿಷೇಧ. ಮೊನ್ನೆ ದಿವಾನರ ಗಲ್ಲದ ಕೆಳಗೆ ಕಪ್ಪು ಚುಕ್ಕೆಗಳೆದ್ದವು. ಬೆಕ್ಕಿಗೂ ಮೊಡವೆಯಾಗುತ್ತದೆ, ಗೀರು ಬಿದ್ದ ಪ್ಲಾಸ್ಟಿಕ್ ಬಟ್ಟಲಿನ ಮೇಲೆ ವೈದ್ಯರಿಗೆ ಅನುಮಾನ. ಸ್ಟೀಲ್ ತಟ್ಟೆ ತಂದು ದಿನಾ ತೊಳೆದಿಡುತ್ತಿದ್ದೇವೆ. ಮಾವನವರು ಮಾತ್ರ ಅಡುಗೆಮನೆಗೆ ಬಂದು ಬೆಕ್ಕಿಗೆ ಬದನೆಕಾಯಿ ಹಾಕಿದ್ದು ಯಾರು ಎಂದು ಕೇಳಿ ಹೋದರು.